ನೀರೆತ್ತುವ ಪಂಪು ಮತ್ತು ಒತ್ತಡದ ಅಳತೆಗಳು

ಶಿರಸಿ ತಾಲೂಕಿನ ಭೈರುಂಬೆಯ ಸುತ್ತಲಿನ ಅಡಿಕೆ ತೋಟಗಳು ಗುಡ್ಡಗಳ ನಡುವಣ ತಗ್ಗಿನಲ್ಲಿರುವವು. ಗುಡ್ಡದ ನೀರು ತಾನಾಗಿ ಇಳಿದು ಬರುವಲ್ಲಿ ಪಂಪು ಬೇಕಿಲ್ಲ. ಬಾವಿಯ ಅಥವಾ ಹಳ್ಳದ ನೀರನ್ನು ಬೇಸಗೆಯಲ್ಲಿ ಮೇಲೆತ್ತಬೇಕಾದಲ್ಲಿ ಅದು ಅವಶ್ಯ. ದಡದ ಮೇಲಿಟ್ಟ ಪಂಪು ನೀರೆಳೆಯದೆ ಹೋದರೆ ಯಂತ್ರವನ್ನು ದೂರುವದು ವಾಡಿಕೆ. ಅನೇಕ ಸಲ ದೋಷವು ಯಂತ್ರದಲ್ಲಿರದೆ ಅದನ್ನಿಟ್ಟ ಎತ್ತರದಲ್ಲಿರುವದು. ಇದನ್ನರಿಯಲು ಒತ್ತಡದ ಅಳತೆಗಳ ಭೇದವನ್ನು ತಿಳಿಯತಕ್ಕದ್ದು.

ಗೇಜು ಎಂದು ಕರೆಯುವ ಮಾಪಕದ ಮುಳ್ಳು ತೆರೆದ ಗಾಳಿಯಲ್ಲಿ ಸೊನ್ನೆಯನ್ನು ತೋರಿಸುವದು. ಆದರೆ ಅಲ್ಲಿ ಒತ್ತಡವೇ ಇಲ್ಲವೆಂದಲ್ಲ. ವಾಯುವಿನ ಭಾರವು ಎಲ್ಲೆಡೆಯೂ ಇದ್ದೇ ಇರುವದು. 1643ರಲ್ಲಿ ಇಟಲಿಯ ಟೊರಿಚೆಲ್ಲಿಯು ಪಾದರಸದ ಕೊಳವೆಯಿಂದ ಇದನ್ನು ತೋರಿಸಿಕೊಟ್ಟನು. 20 ಮೀಟರ್ ಮೇಲಿನ ತೊಟ್ಟಿಯಿಂದ ಇಳಿದ ಕೊಳವೆಯ ಬುಡವನ್ನು ಮುಚ್ಚಿದರೆ ಗೇಜು ಚದರ ಸೆಂಟಿಮೀಟರಿಗೆ 2 ಕಿಲೊ ತೋರಿಸುವದು. ಇದು ಮಾಪಕದ ಒತ್ತಡ. ಇದಕ್ಕೆ ವಾಯುವಿನ ಒತ್ತಡವನ್ನು ಕೂಡಿಸಿದರೆ ಬರುವ ಸುಮಾರು 3 ಕಿಲೊ, ನಿರಪೇಕ್ಷ ಒತ್ತಡ.

ದಡದ ಪಂಪು ನೀರನ್ನು ಹಿಡಿದೆಳೆಯುವದಿಲ್ಲ. ಅದು ಹೀರುಕೊಳವೆಯೊಳಗಿನ ಒತ್ತಡವನ್ನು ತಗ್ಗಿಸುವದು. ಬಾವಿಯ ನೀರಿನ ಮೇಲೆ ಒತ್ತುತ್ತಿರುವ ವಾಯುವು ನೀರನ್ನು ಮೇಲಕ್ಕೆ ನೂಕುವದು. ವಾಯುವಿನ ಒತ್ತಡಕ್ಕಿಂತ ಎಷ್ಟು ಕಡಿಮೆಯಾಯಿತೆಂಬ ಅಳತೆಯೇ ನಿರ್ವಾತದ ಅಳತೆ. ಸಮುದ್ರಮಟ್ಟದಲ್ಲಿ ವಾಯುವು 10.3 ಮೀಟರ್ ನೀರನ್ನು ಎತ್ತಿ ಹಿಡಿಯಬಲ್ಲದು. ಸುಮಾರು 600 ಮೀಟರ್ ಎತ್ತರದ ಶಿರಸಿಯ ಸೀಮೆಯಲ್ಲಿ ಅದು ಸುಮಾರು 9.6 ಮೀಟರಿಗೆ ಇಳಿಯುವದು. ಕೊಳವೆಯ ಘರ್ಷಣೆಯನ್ನೂ ನೀರು ಆವಿಯಾಗುವದನ್ನೂ ಲೆಕ್ಕಕ್ಕೆ ಹಿಡಿದರೆ ಉಪಯೋಗಕ್ಕೆ ಬರುವದು 6 ಮೀಟರ್ ಮಾತ್ರವೆಂದು ಎಣಿಸುವದು ಕ್ಷೇಮ. ಎಷ್ಟೇ ಅಶ್ವಶಕ್ತಿಯ ಯಂತ್ರವನ್ನು ತಂದರೂ ಈ ಮಿತಿಯು ಮೀರಲಾರದು. ಮಿತಿಯ ಸಮೀಪದಲ್ಲಿ ನಡೆಯಿಸಿದರೆ ನೀರು ಗುಳ್ಳೆಗಟ್ಟಿ ಪಂಪಿನ ಚಕ್ರವನ್ನು ಕೊರೆಯುವದು.

ಪುಷ್ಯದಲ್ಲಿ 5 ಮೀಟರ್ ಕೆಳಗಿದ್ದ ನೀರು ವೈಶಾಖದಲ್ಲಿ 8 ಮೀಟರಿಗೆ ಇಳಿದರೆ, ತೋಟವು ಬಾಯಾರಿದಾಗಲೇ ಪಂಪು ನಿಲ್ಲುವದು. ಆದ್ದರಿಂದ ಬೇಸಗೆಯ ಕಡೆಯ ನೀರಿನ ಮಟ್ಟದಿಂದಲೇ ಎತ್ತರವನ್ನು ಅಳೆಯತಕ್ಕದ್ದು. ಅದು 6 ಮೀಟರನ್ನು ಮೀರಿದರೆ ಬಾವಿಯೊಳಗೆ ಕಟ್ಟೆ ಕಟ್ಟಿ ಪಂಪನ್ನು ಕೆಳಗಿಳಿಸಬೇಕು, ಇಲ್ಲವೆ ನೀರಿನಲ್ಲೇ ಮುಳುಗಿರುವ ಪಂಪನ್ನು ಬಳಸಬೇಕು. ಹೀರುಕೊಳವೆಯು ಅಗಲವಾಗಿಯೂ ಕಡಿಮೆ ಬಾಗುಗಳುಳ್ಳದ್ದಾಗಿಯೂ ಇರಲಿ. ಅದರ ಕೀಲು ಸಡಿಲವಾದರೆ ನೀರು ಹೊರಗೆ ಸೋರದು, ಗಾಳಿಯೇ ಒಳಹೊಗುವದು. ಆದ್ದರಿಂದ ಈ ದೋಷವು ಕಣ್ಣಿಗೆ ಬೀಳುವದಿಲ್ಲ.

ಹನಿ ನೀರಾವರಿಯುಳ್ಳವರು ಶೋಧಕದ ಹಿಂದೆ ಮುಂದೆ ಒಂದೊಂದು ಗೇಜನ್ನು ಇಡತಕ್ಕದ್ದು. ಎರಡರ ಅಂತರವೇ ಒತ್ತಡದ ಭೇದ. ಶೋಧಕವು ಶುಚಿಯಾಗಿದ್ದಾಗಿನ ಅಂತರವನ್ನು ಬರೆದಿಟ್ಟು, ಅದು ಹೆಚ್ಚುತ್ತ ಬಂದೊಡನೆ ತೊಳೆಯಿಸಬೇಕು. ಪಂಪು ಕೊಳ್ಳುವ ಮೊದಲು ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಯನ್ನು ಅಳೆಯುವದಕ್ಕೆ ಖರ್ಚೇನೂ ಇಲ್ಲ. ಅಳೆಯದೆ ಕೊಂಡರೆ ಒಂದು ಬೇಸಗೆಯ ತೋಟವೇ ಬೆಲೆಯಾದೀತು.