ಹುಟ್ಟು ಹೃದಯದೋಷವೂ ಹಿರಿಯ ವಯಸ್ಸಿನ ಧಮನಿರೋಗವೂ

ನೀಲಿಗಟ್ಟಿದ ತುಟಿಗಳೊಡನೆ ಹುಟ್ಟಿದ ಕೂಸು ಬೆಳೆದು ಮೊಮ್ಮಕ್ಕಳನ್ನು ಎತ್ತಿ ಆಡಿಸುವುದೆಂಬುದು ಒಂದು ಕಾಲಕ್ಕೆ ಊಹೆಗೂ ನಿಲುಕದ ಮಾತಾಗಿತ್ತು. 1944ರ ನವೆಂಬರ್ ತಿಂಗಳಿನಲ್ಲಿ ಅಮೆರಿಕೆಯ ಬಾಲ್ಟಿಮೋರ್ ನಗರದಲ್ಲಿ ಡಾ. ಆಲ್‌ಫ್ರೆಡ್ ಬ್ಲಾಲಾಕ್ ಅವರು, ಮಕ್ಕಳ ಹೃದಯತಜ್ಞೆ ಡಾ. ಹೆಲೆನ್ ಟಾಸಿಗ್ ಅವರ ಸೂಚನೆಯ ಮೇರೆಗೆ, ಅಂಥ ಕೂಸೊಂದರ ತೋಳಿಗೆ ಹರಿಯುವ ಧಮನಿಯನ್ನು ಶ್ವಾಸಕೋಶದ ಧಮನಿಗೆ ಜೋಡಿಸಿದರು. ಈ ವಿಧಾನವನ್ನು ಪ್ರಯೋಗಶಾಲೆಯಲ್ಲಿ ರೂಪಿಸಿದ ಶ್ರೇಯಸ್ಸಿನ ಬಹುಪಾಲು ವೈದ್ಯಪದವಿಯಿಲ್ಲದ ಸಹಾಯಕ ವಿವಿಯನ್ ಥಾಮಸ್ ಅವರಿಗೆ ಸಲ್ಲತಕ್ಕದ್ದು. ಅದು ಸಂದದ್ದು ಮಾತ್ರ ಬಹು ತಡವಾಗಿ. ಅನಂತರ ತೆರೆದ ಹೃದಯದ ಶಸ್ತ್ರಚಿಕಿತ್ಸೆಯೂ ಬಂದಿತು. ಹೀಗೆ ಉಳಿದ ಮಕ್ಕಳಲ್ಲಿ ಅನೇಕರು ಇಂದು ಅರವತ್ತನ್ನು ದಾಟಿದ್ದಾರೆ.

ಇಂಥವರ ಮನೆಗಳಲ್ಲಿ, "ಹೃದಯ ಚಿಕ್ಕಂದಿನಲ್ಲಿಯೇ ಸರಿಯಾಗಿದೆ" ಎಂಬ ನೆಮ್ಮದಿ ನೆಲೆಸಿರುತ್ತದೆ. ಆದರೆ ಅಂದು ಸರಿಪಡಿಸಿದ್ದು ಹೃದಯದ ಗೋಡೆಯನ್ನು, ಕವಾಟವನ್ನು, ಇಲ್ಲವೆ ದೊಡ್ಡ ರಕ್ತನಾಳವನ್ನು. ಹೃದಯದ ಸ್ನಾಯುವಿಗೇ ರಕ್ತವನ್ನೊದಗಿಸುವ ಕರೋನರಿ ಧಮನಿಗಳು ಎಲ್ಲರ ಧಮನಿಗಳಂತೆಯೇ ಮುಪ್ಪಾಗುತ್ತವೆ. ಸಕ್ಕರೆ ಕಾಯಿಲೆ, ಧೂಮಪಾನ, ಕೊಬ್ಬುಗಳಿಗೆ ಎಲ್ಲರಂತೆಯೇ ಈಡಾಗುತ್ತವೆ. ಮಹಾಧಮನಿಯು ಹುಟ್ಟಿನಿಂದ ಇರುಕಾಗಿದ್ದವರಲ್ಲಿ ಅಪಾಯವು ಇನ್ನೂ ಅಧಿಕ. ಇರುಕನ್ನು ತೆಗೆದ ಮೇಲೂ ರಕ್ತದೊತ್ತಡವು ಏರಿಯೇ ಉಳಿಯುವುದುಂಟು, ಅಥವಾ ವರ್ಷಗಳ ತರುವಾಯ ಮರಳುವುದುಂಟು.

ತೊಡಕಿರುವುದು ರೋಗವನ್ನು ಗುರುತಿಸುವಲ್ಲಿ. ಮೆಟ್ಟಿಲೇರುವಾಗ ಏದುಸಿರು ಬಂದರೆ ರೋಗಿಯೂ, ಮನೆಯವರೂ, ಒಮ್ಮೊಮ್ಮೆ ವೈದ್ಯರೂ ಹಳೆಯ ದೋಷದ ಮೇಲೆ ಹೊರಿಸಿ ಸುಮ್ಮನಾಗುತ್ತಾರೆ. ಇಸಿಜಿಯೂ ಮೊದಲಿನಿಂದಲೇ ಸಹಜವಾಗಿರದಿದ್ದರೆ ಹೊಸ ಬದಲಾವಣೆಯನ್ನು ಅರಿಯುವುದು ಕಷ್ಟ. ಹಿಂದಿನ ಪ್ರತಿಯೊಂದು ಕೈಯಲ್ಲಿದ್ದರೆ ಹೋಲಿಸಿ ನೋಡಬಹುದು. ಬ್ಲಾಲಾಕರ ಮೂಲ ವಿಧಾನದಿಂದ ಚಿಕಿತ್ಸೆಯಾದವರ ಆ ಬದಿಯ ತೋಳಿನಲ್ಲಿ ನಾಡಿಯು ಕ್ಷೀಣವಾಗಿದ್ದು, ಅಲ್ಲಿ ಅಳೆದ ರಕ್ತದೊತ್ತಡವು ನಿಜಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಮತ್ತೊಂದು ತೋಳಿನಲ್ಲಿ ಅಳೆಯಬೇಕು. ಬೈಪಾಸ್ ಶಸ್ತ್ರಚಿಕಿತ್ಸೆಗೆ ಬಳಸುವ ಎದೆಯೊಳಗಣ ಧಮನಿಯು ಇದೇ ತೋಳಿನ ಧಮನಿಯಿಂದ ಕವಲೊಡೆಯುವುದರಿಂದ, ಶಸ್ತ್ರವೈದ್ಯರಿಗೂ ಈ ಸಂಗತಿ ಮುಂಚಿತವಾಗಿ ತಿಳಿದಿರಬೇಕು.

ಇಲ್ಲಿಯೇ ನಮ್ಮ ಮನೆಗಳ ಒಂದು ರೂಢಿ ಅಡ್ಡಬರುತ್ತದೆ. ಹೆಣ್ಣುಮಗುವಿನ ಶಸ್ತ್ರಚಿಕಿತ್ಸೆಯನ್ನು ಮದುವೆಯ ಮಾತುಕತೆಗೆ ಹೆದರಿ ಮುಚ್ಚಿಟ್ಟು, ಕಾಗದಪತ್ರಗಳನ್ನೂ ಇಲ್ಲವಾಗಿಸುವುದುಂಟು. ನಲವತ್ತು ವರ್ಷಗಳ ಬಳಿಕ ಆಕೆಯ ಎದೆ ನೋಯುವಾಗ, ಗಂಡನಿಗೂ ಮಕ್ಕಳಿಗೂ ಹೇಳಲು ಏನೂ ತಿಳಿದಿರುವುದಿಲ್ಲ. ಕಾಗದಗಳು ದೊರೆಯದಿದ್ದರೆ ತವರಿನ ಹಿರಿಯರನ್ನು ಕೇಳಿ ಬರೆದಿಡಬಹುದು. ಗಾಯದ ಕಲೆಯು ಎದೆಯ ನಡುವೆ ಇದೆಯೋ, ಪಕ್ಕೆಯಲ್ಲಿದೆಯೋ, ಎಡಕ್ಕೋ ಬಲಕ್ಕೋ ಎಂಬಷ್ಟನ್ನು ನೋಡಿಯೇ ಅನುಭವಿ ವೈದ್ಯರು ಎಷ್ಟನ್ನೋ ಊಹಿಸಬಲ್ಲರು.