ಲಿಫ್ಟಿನ ಕುರ್ಚಿಯಲ್ಲಿ ಜಾಕೆಟ್ಟಿನ ಪರೀಕ್ಷೆ

ನವೆಂಬರ್ ಬಂತೆಂದರೆ ಕೆನಡಾದ ಕ್ಯಾಲ್ಗರಿಯಲ್ಲಿ ಸ್ಕೀ ಜಾಕೆಟ್ ಕೊಳ್ಳುವವರ ಓಡಾಟ ಶುರುವಾಗುತ್ತದೆ. ಹಾಕಿಕೊಂಡು, ಕನ್ನಡಿ ನೋಡಿ, ‘ಬೆಚ್ಚಗಿದೆ’ ಎಂದು ಕೊಂಡೊಯ್ಯುತ್ತಾರೆ. ಹೀಟರ್ ಉರಿಯುವ ಅಂಗಡಿಯೊಳಗೆ ಯಾವ ಜಾಕೆಟ್ಟಾದರೂ ಬೆಚ್ಚಗೇ ಇರುತ್ತದೆ. ಅದರ ಯೋಗ್ಯತೆ ಗೊತ್ತಾಗುವುದು ಬೆಟ್ಟದ ಮೇಲೆ. ಜೋರಾಗಿ ಜಾರಿ ಬೆವರಿ ಕೆಳಗೆ ಬಂದು, ಮತ್ತೆ ಮೇಲೇರಲು ಲಿಫ್ಟಿನ ಬಯಲು ಕುರ್ಚಿಯಲ್ಲಿ ಕೈಕಟ್ಟಿ ಕೂತಾಗ.

ನಾನು ದಾವಣಗೆರೆಯ ಹತ್ತಿ ಗಿರಣಿ ಕಾರ್ಮಿಕರೊಬ್ಬರ ಮಗಳು. ಜವಳಿ ತಂತ್ರಜ್ಞಾನ ಓದಿ, ಈಗ ಇಲ್ಲಿ ಚಳಿಗಾಲದ ಉಡುಪುಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಅಪ್ಪನ ಪಾಲಿಗೆ ಹತ್ತಿಗಿಂತ ಮೇಲಾದ ಬಟ್ಟೆಯೇ ಇಲ್ಲ. ಬಯಲುಸೀಮೆಯ ಬಿಸಿಲಿಗೆ ಅದು ನೂರಕ್ಕೆ ನೂರು ನಿಜ. ಹತ್ತಿ ಬೆವರನ್ನು ಹೀರಿಕೊಂಡು ನಿಧಾನವಾಗಿ ಆರುತ್ತದೆ, ಆರುವಾಗ ಮೈಯ ಕಾವನ್ನೂ ಎಳೆದುಕೊಳ್ಳುತ್ತದೆ. ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇದೇ ಗುಣ ಪ್ರಾಣಕ್ಕೆ ಸಂಚಕಾರ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಒಳಗೆ ಹತ್ತಿ ಬನಿಯನ್ ತೊಟ್ಟರೆ ಮೇಲೆ ಎಷ್ಟು ದುಬಾರಿ ಜಾಕೆಟ್ ಇದ್ದರೂ ದುಡ್ಡು ದಂಡ. ಹಾಗಾಗಿ ಪರೀಕ್ಷೆಗೆ ಹೋದಾಗಲೆಲ್ಲ ಮೈಗೆ ಅದೇ ಮೆರಿನೋ ಉಣ್ಣೆಯ ಅಂಗಿ, ಅದರ ಮೇಲೆ ಅದೇ ತೆಳು ಫ್ಲೀಸ್ ಹಾಕುತ್ತೇನೆ. ಬದಲಾಗುವುದು ಹೊರಗಿನ ಜಾಕೆಟ್ ಮಾತ್ರ. ಇಲ್ಲದಿದ್ದರೆ ಯಾವುದರಿಂದ ಬೆಚ್ಚಗಾಯಿತು, ಯಾವುದರಿಂದ ನಡುಗಿದೆ ಎಂದು ಹೇಳುವುದು ಹೇಗೆ?

ಜಾಕೆಟ್ ತಾನಾಗಿ ಶಾಖ ಹುಟ್ಟಿಸುವುದಿಲ್ಲ. ನಮ್ಮ ಮೈ ಹುಟ್ಟಿಸಿದ ಕಾವು ಓಡಿಹೋಗದಂತೆ ತಡೆಯುತ್ತದೆ, ಅಷ್ಟೆ. ತಡೆಯುವುದು ಅದರೊಳಗಿನ ಎಳೆಗಳ ನಡುವೆ ಅಲುಗಾಡದೆ ನಿಂತ ಗಾಳಿ. ಬಾತುಕೋಳಿಯ ನವಿರು ಪುಕ್ಕ ಕಡಿಮೆ ತೂಕದಲ್ಲಿ ಹೆಚ್ಚು ಗಾಳಿಯನ್ನು ಹಿಡಿದಿಡುತ್ತದೆ, ಆದರೆ ನೆನೆದರೆ ಮುದ್ದೆಯಾಗುತ್ತದೆ. ಸಿಂಥೆಟಿಕ್ ಎಳೆ ಅಷ್ಟು ಹಗುರವಲ್ಲ, ನೆನೆದರೂ ಪೂರ್ತಿ ಕೈಕೊಡುವುದಿಲ್ಲ. ಈ ಸಲ ನನ್ನ ಕೈಗೆ ಬಂದದ್ದು ಎರಡನೆಯ ಜಾತಿಯದು. ಮೈಭಾಗದಲ್ಲಿ ಚದರ ಮೀಟರಿಗೆ 80 ಗ್ರಾಂ, ತೋಳುಗಳಲ್ಲಿ 60 ಗ್ರಾಂ ತುಂಬಿದ್ದರು. ತೋಳಿಗೆ ಕಡಿಮೆ, ಏಕೆಂದರೆ ಅದು ಸಲೀಸಾಗಿ ಮಡಚಬೇಕು. ಹೊರಬಟ್ಟೆಯ ಹಿಂದೆ ನೀರನ್ನು ತಡೆದು ಆವಿಯನ್ನು ಬಿಡುವ ತೆಳು ಪೊರೆ. ಇಂಥ ಪೊರೆಗಳಲ್ಲಿ ಹೆಸರುವಾಸಿಯಾದ ಗೋರ್‌ಟೆಕ್ಸ್ ಹುಟ್ಟಿದ್ದು 1969ರಲ್ಲಿ. ಕಾಯಿಸಿದ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಬಾಬ್ ಗೋರ್ ಒಮ್ಮೆಲೇ ಜಗ್ಗಿದಾಗ ಅದು ಸೂಕ್ಷ್ಮ ರಂಧ್ರಗಳ ಹಾಳೆಯಾಗಿ ಹಿಗ್ಗಿತು.

ಪರೀಕ್ಷೆಗೆ ನಾನು ಹೋಗುವುದು ಬ್ಯಾನ್ಫ್ ಬಳಿಯ ಸನ್‌ಶೈನ್ ವಿಲೇಜಿಗೆ. ಅಲ್ಲಿನ ಲುಕ್‌ಔಟ್ ಬೆಟ್ಟದ ನೆತ್ತಿ 2,730 ಮೀಟರ್ ಎತ್ತರದಲ್ಲಿದೆ. ಆ ಏಣು ಖಂಡದ ನೀರನ್ನೇ ಹಂಚುತ್ತದೆ. ಒಂದು ಮಗ್ಗುಲಿನ ಹಿಮ ಕರಗಿ ಪೆಸಿಫಿಕ್ ಸೇರಿದರೆ ಇನ್ನೊಂದು ಮಗ್ಗುಲಿನದು ಹಡ್ಸನ್ ಕೊಲ್ಲಿಗೆ ಹರಿಯುತ್ತದೆ. ಗಾಳಿಗೆ ಅಲ್ಲಿ ಅಡ್ಡವೇ ಇಲ್ಲ. ಥರ್ಮಾಮೀಟರ್ ಮೈನಸ್ 20 ತೋರಿಸುವಾಗ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ, ಬರಿಯ ಚರ್ಮಕ್ಕೆ ಅದು ಮೈನಸ್ 33ರಷ್ಟು ಕೊರೆಯುತ್ತದೆ. ಅಂಥ ಚಳಿಗೆ ತೆರೆದ ಕೆನ್ನೆ, ಮೂಗಿನ ತುದಿ 10ರಿಂದ 30 ನಿಮಿಷದೊಳಗೆ ಹೆಪ್ಪುಗಟ್ಟಬಹುದು. ಆದ್ದರಿಂದ ನಾನು ಮೊದಲು ನೋಡುವುದು ಕಾಲರ್ ಕನ್ನಡಕದ ಅಂಚಿನವರೆಗೆ ಏರುತ್ತದೆಯೇ, ಟೋಪಿ ಹೆಲ್ಮೆಟ್ಟಿನ ಮೇಲೂ ಕೂರುತ್ತದೆಯೇ ಎಂದು. ಬಣ್ಣ, ಹೊಲಿಗೆಯ ಅಂದ ಎಲ್ಲ ಆಮೇಲೆ.

ಹೊರಡುವ ಮುಂಚೆ ಜಾಕೆಟ್ಟನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತೇನೆ. ತೇವಾಂಶ ಅಳೆಯುವ ಪುಟ್ಟ ಯಂತ್ರವೊಂದು ಫ್ಲೀಸಿನ ಎದೆ ಜೇಬಿಗೆ ಹೋಗುತ್ತದೆ. ಉಬ್ಬುತಗ್ಗಿನ ಇಳಿಜಾರನ್ನು ಬೇಕೆಂದೇ ಆರಿಸಿಕೊಂಡು ತೊಡೆ ಉರಿಯುವ ತನಕ ಜಾರುತ್ತೇನೆ. ಕೆಳಗೆ ಬರುವಷ್ಟರಲ್ಲಿ ಯಂತ್ರದ ಅಂಕಿ ಏರಿರುತ್ತದೆ. ಆಮೇಲೆ ಲಿಫ್ಟ್. ಮೈ ಹುಟ್ಟಿಸುವ ಕಾವು ಇಳಿಯುತ್ತದೆ, ಬೆವರು ಒಳಗೇ ಉಳಿದಿರುತ್ತದೆ, ಗಾಳಿ ನೇರ ಎದೆಗೆ ಬಡಿಯುತ್ತದೆ. ಒಳ್ಳೆಯ ಜಾಕೆಟ್ಟಿಗೂ ಸಾಧಾರಣ ಜಾಕೆಟ್ಟಿಗೂ ವ್ಯತ್ಯಾಸ ತಿಳಿಯುವುದು ಆ ಕೆಲವೇ ನಿಮಿಷಗಳಲ್ಲಿ.

ಈ ಜಾಕೆಟ್ಟಿನ ಚೀಟಿಯ ಮೇಲೆ 20,000 ಎಂಬ ಅಂಕಿ ಎರಡು ಸಲ ಇತ್ತು. ಮೊದಲನೆಯದು, 20,000 ಮಿಲಿಮೀಟರ್ ಅಂದರೆ 20 ಮೀಟರ್ ಎತ್ತರದ ನೀರಿನ ಒತ್ತಡವನ್ನು ಬಟ್ಟೆ ತಡೆಯುತ್ತದೆ ಎಂದು. ಎರಡನೆಯದು, ಒಂದು ಚದರ ಮೀಟರ್ ಬಟ್ಟೆ 24 ಗಂಟೆಯಲ್ಲಿ 20,000 ಗ್ರಾಂ ಆವಿಯನ್ನು ಹೊರಬಿಡುತ್ತದೆ ಎಂದು. ಅಂಕಿಗಳು ಸುಳ್ಳಲ್ಲ, ಆದರೆ ಎರಡನೆಯದನ್ನು ಅಳೆಯುವುದು ಪ್ರಯೋಗಾಲಯದ ಬೆಚ್ಚನೆಯ ಕೋಣೆಯಲ್ಲಿ. ಬೆಟ್ಟದ ಮೇಲೆ ಹೊರಬಟ್ಟೆಯೇ ಮರಗಟ್ಟಿರುತ್ತದೆ. ಮೈಯಿಂದ ಹೊರಟ ಆವಿ ಅದನ್ನು ದಾಟುವ ಮೊದಲೇ ತಣಿದು, ಹಳೇ ಫ್ರಿಜ್ಜಿನ ಗೋಡೆಗೆ ಹಿಮ ಕಟ್ಟುವಂತೆ, ಒಳಬದಿಯಲ್ಲೇ ಹೆಪ್ಪುಗಟ್ಟುತ್ತದೆ. ಪೊರೆಯ ರಂಧ್ರಗಳು ಎಷ್ಟಿದ್ದರೇನು?

ಆಗ ಕೈಹಿಡಿಯುವುದು ಕಂಕುಳ ಕೆಳಗಿನ ಉದ್ದನೆಯ ಜಿಪ್. ಇಳಿಯಲು ಶುರುಮಾಡುವಾಗ ಅದನ್ನು ತೆರೆದಿಟ್ಟು, ಲಿಫ್ಟಿನ ಸಾಲಿನಲ್ಲಿ ನಿಂತಾಗ ಮುಚ್ಚಿದ ದಿನ ಮನೆಗೆ ಬಂದು ತೂಗಿದರೆ ಜಾಕೆಟ್ಟಿನ ತೂಕ ಹೆಚ್ಚು ಏರಿರಲಿಲ್ಲ. ಮುಚ್ಚಿಕೊಂಡೇ ಇಳಿದ ದಿನ ಹಿಡಿದಿಟ್ಟ ನೀರಿನ ತೂಕ ತಕ್ಕಡಿಯಲ್ಲಿ ಕಾಣಿಸಿತು, ಲಿಫ್ಟಿನಲ್ಲಿ ಬೆನ್ನಿಗೂ ಕಾಣಿಸಿತ್ತು. ಅದಕ್ಕೇ ಕೊಳ್ಳುವಾಗ ದಪ್ಪ ಕೈಗವಸು ತೊಟ್ಟೇ ಆ ಜಿಪ್ಪನ್ನು ಎಳೆದು ನೋಡಿ. ಕೈಗವಸು ಕಳಚಿ ಎಳೆಯಬೇಕಾದ ಜಿಪ್ಪನ್ನು ಬೆಟ್ಟದ ಮೇಲೆ ಯಾರೂ ಎಳೆಯುವುದಿಲ್ಲ.

ಇಲ್ಲಿನ ರಾಕೀಸ್ ಬೆಟ್ಟಗಳ ಹಿಮ ಒಣಹುಡಿ, ಕೊಡವಿದರೆ ಉದುರುತ್ತದೆ. ಇಲ್ಲಿಗೆ ನೀರು ತಡೆಯುವ ಅಂಕಿ 10,000 ಇರುವ ಜಾಕೆಟ್ ಧಾರಾಳವಾಯಿತು. ಪೆಸಿಫಿಕ್ ಕರಾವಳಿಗೆ ಹತ್ತಿರದ ವಿಸ್ಲರಿನಲ್ಲಿ ಹಿಮ ಹಸಿ, ತಪ್ಪಲಿನಲ್ಲಿ ಮಳೆಯೇ ಬರುವುದುಂಟು. ಅಲ್ಲಿ 20,000ಕ್ಕೆ ಕೊಟ್ಟ ದುಡ್ಡು ವಸೂಲಾಗುತ್ತದೆ. ಇಲ್ಲಿನಂಥ ಒಣ ಚಳಿಗೆ ಹೋಗುವವರು ಅಂಕಿಗೆ ಸುರಿಯುವ ಹಣವನ್ನು ಒಳಗಿನ ಉಣ್ಣೆಗೆ ಹಾಕಿದರೆ ಹೆಚ್ಚು ಸುಖ. ಸೊಂಟದೊಳಗೆ ಹಿಮ ನುಗ್ಗದಂತೆ ಬಿಗಿಯುವ ಪಟ್ಟಿ ಇರಲಿ. ಫೋನ್ ಎದೆಯ ಒಳಜೇಬಿನಲ್ಲಿರಲಿ, ಹೊರಜೇಬಿನಲ್ಲಿಟ್ಟರೆ ಚಳಿಗೆ ಬ್ಯಾಟರಿ ಬಹುಬೇಗ ಕೂರುತ್ತದೆ. ಕೆಲವು ಜಾಕೆಟ್ಟುಗಳಲ್ಲಿ ರೆಕ್ಕೋ ಎಂಬ ಪುಟ್ಟ ಪ್ರತಿಫಲಕವನ್ನು ಹೊಲಿದಿರುತ್ತಾರೆ. ಹಿಮಕುಸಿತದಲ್ಲಿ ಹೂತವರನ್ನು ರಕ್ಷಣಾ ತಂಡದ ಯಂತ್ರ ಅದರಿಂದ ಪತ್ತೆಹಚ್ಚಬಲ್ಲದು. ತಂಡ ಬರುವ ತನಕ ಅದು ಏನನ್ನೂ ಮಾಡದು, ಅದನ್ನೇ ನಂಬಿ ಗುರುತುಹಾಕಿದ ದಾರಿ ಬಿಡಬೇಡಿ.

ಒಗೆದರೆ ಜಾಕೆಟ್ ಹಾಳಾಗುತ್ತದೆಂದು ಬಹಳ ಜನ ಒಗೆಯುವುದೇ ಇಲ್ಲ. ಆಗುವುದು ತಿರುಗಾಮುರುಗಾ. ಮೈಜಿಡ್ಡು, ಕೊಳೆ ಕೂತರೆ ನೀರಿನ ಹನಿ ಉರುಳುವುದು ನಿಂತು ಹೊರಬಟ್ಟೆ ನೆನೆಯುತ್ತದೆ. ಹನಿ ಉರುಳಿಸಲು ಹಿಂದೆ ಬಳಿಯುತ್ತಿದ್ದ ಫ್ಲೋರಿನ್ ರಾಸಾಯನಿಕಗಳು ಮಣ್ಣು ನೀರಿನಲ್ಲಿ ನಾಶವಾಗದೆ ಉಳಿಯುತ್ತವೆಂದು ಈಗ ಬಿಡುತ್ತಿದ್ದಾರೆ. ಅದು ಆಗಲೇಬೇಕಿತ್ತು. ಹೊಸ ಲೇಪ ಅಷ್ಟು ಗಟ್ಟಿಯಲ್ಲ, ಇನ್ನೂ ಬೇಗ ಬೇಗ ಒಗೆಯಬೇಕು. ಚೀಟಿಯಲ್ಲಿ ಬೇಡವೆಂದಿಲ್ಲದಿದ್ದರೆ ಡ್ರೈಯರಿನ ಸಣ್ಣ ಬಿಸಿಯಲ್ಲಿ ಒಣಗಿಸಿ.

ಮೊನ್ನೆ ಹಾವೇರಿ ಕಡೆಯ ಹುಡುಗಿಯೊಬ್ಬಳು ಕೇಳಿದಳು: “ಅಕ್ಕಾ, ಡಿಸೆಂಬರಿಗೆ ಅಪ್ಪ ಅವ್ವ ಬರ್ತಾರ. ಅವರಿಗೂ ಇಂಥ ಸ್ಕೀ ಜಾಕೆಟ್ಟೇ ಕೊಡಿಸ್ಲೇನು?”

ಬೇಡ ಎಂದೆ. ಸ್ಕೀ ಜಾಕೆಟ್ ಬೆವರುವವರಿಗೆ ಹೊಲಿದದ್ದು, ಸೊಂಟಕ್ಕೇ ನಿಲ್ಲುತ್ತದೆ. ಬಸ್ಸಿಗೆ ಕಾಯುತ್ತ ಸುಮ್ಮನೆ ನಿಲ್ಲುವ ಹಿರಿಯರಿಗೆ ಮೊಣಕಾಲು ಮುಚ್ಚುವ, ಪುಕ್ಕ ತುಂಬಿದ ಉದ್ದ ಕೋಟು ಬೇಕು. ಅವ್ವ ಸೀರೆ ಉಡುವವರಾದರೆ ಒಳಗೆ ಉಣ್ಣೆಯ ಥರ್ಮಲ್ ಇರಲಿ. ಕೋಟಿನ ಜಿಪ್ ಕೆಳಗಿನಿಂದಲೂ ತೆರೆಯುವಂಥದ್ದು ನೋಡು, ಕಾರಿನಲ್ಲಿ ಕೂರುವಾಗ ಸಲೀಸು, ನೆರಿಗೆಯೂ ಸಿಕ್ಕಿಕೊಳ್ಳುವುದಿಲ್ಲ.