ಹೆಗ್ಗಡದೇವನಕೋಟೆಯ ಪಾಠ, ತಾಯಿಫ್‌ನ ಜಮಖಾನೆಯ ಮೇಲೆ

“ಟೀಚರ್, ಊರಲ್ಲಿ ಹೇಗೆ ಕಲಿಸುತ್ತಿದ್ದಿರಿ, ಇಲ್ಲಿ ಹೇಗೆ ಕಲಿಸುತ್ತೀರಿ, ನಮ್ಮ ರಾಜ್ಯೋತ್ಸವ ಸಂಚಿಕೆಗೆ ಒಂದಿಷ್ಟು ಬರೆದುಕೊಡಿ” ಎಂದು ಸಂಘದ ಗೆಳೆಯರು ಕೇಳಿದ್ದಾರೆ. ನಾನು ಲೇಖಕಿಯಲ್ಲ, ಪ್ರಾಥಮಿಕ ಶಾಲೆಯ ಟೀಚರಮ್ಮ. ಗೊತ್ತಿರುವುದನ್ನು ಗೊತ್ತಿರುವ ಹಾಗೆ ಬರೆಯುತ್ತೇನೆ.

ಟಿಸಿಎಚ್ ಮುಗಿಸಿ ನಾನು ಕೆಲಸಕ್ಕೆ ಸೇರಿದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ‘ನಲಿ-ಕಲಿ’ ಹುಟ್ಟಿದ ನೆಲ ಅದು. ಅಲ್ಲಿನ ಸರ್ಕಾರಿ ಶಾಲೆಗಳ ಕೆಲವು ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಹಳ್ಳಿಶಾಲೆಗಳ ಕಾರ್ಡು ಪದ್ಧತಿಯನ್ನು ನೋಡಿ ಬಂದು, 1995ರಲ್ಲಿ ಯುನಿಸೆಫ್ ನೆರವಿನಿಂದ ಅದನ್ನು ನಮ್ಮ ಮಕ್ಕಳಿಗೆ ಹೊಂದಿಸಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು.

ಒಂದೇ ಕೊಠಡಿ, ಬೇರೆಬೇರೆ ವಯಸ್ಸಿನ ಮಕ್ಕಳು. ಪಾಠವೆಲ್ಲ ಸಣ್ಣ ಸಣ್ಣ ಕಾರ್ಡುಗಳಲ್ಲಿ. ಗೋಡೆಯ ಮೇಲಿನ ‘ಕಲಿಕಾ ಏಣಿ’ಯಲ್ಲಿ ಮಗು ತನ್ನ ಮೆಟ್ಟಿಲನ್ನು ತಾನೇ ಗುರುತಿಸಿ, ಕಾರ್ಡು ತೆಗೆದುಕೊಂಡು ತನ್ನ ಗುಂಪಿಗೆ ಹೋಗುತ್ತದೆ. ಜ್ವರ ಬಂದು ಒಂದು ವಾರ ತಪ್ಪಿಸಿದರೂ ನಿಲ್ಲಿಸಿದ ಕಡೆಯಿಂದಲೇ ಮುಂದುವರಿಯುತ್ತದೆ. ಅಕ್ಷರವೂ ‘ಅ ಆ ಇ ಈ’ ಸಾಲಿನಲ್ಲಿ ಬರುವುದಿಲ್ಲ. ಮೊದಲು ರ, ಗ, ಸ, ದ, ಅ. ಈ ಐದು ಬಂದರೆ ಸಾಕು. ಸರ, ಅರಸ, ಅಗಸ, ಗರಗಸ ಎಂದು ಮಗು ಓದಿಯೇ ಬಿಡುತ್ತದೆ. ‘ನನಗೆ ಓದಲು ಬರುತ್ತದೆ’ ಎಂಬ ಆ ಖುಷಿಯೇ ಅರ್ಧ ಪಾಠ.

ಹಾಡಿಯಿಂದ ಬರುತ್ತಿದ್ದ ಜೇನುಕುರುಬ ಮಕ್ಕಳ ಮನೆಮಾತು ಪುಸ್ತಕದ ಕನ್ನಡವಾಗಿರಲಿಲ್ಲ. ಅವರ ಮಾತನ್ನು ತಿದ್ದಲು ಹೊರಟರೆ ಮರುದಿನ ಅವರು ಶಾಲೆಗೇ ಬರುತ್ತಿರಲಿಲ್ಲ. ಮೊದಲು ಅವರ ಮಾತು, ಆಮೇಲೆ ನಮ್ಮ ಅಕ್ಷರ: ಇದು ಆ ಮಕ್ಕಳು ನನಗೆ ಕಲಿಸಿದ ಪಾಠ.

ಯಜಮಾನರ ಕೆಲಸದ ನಿಮಿತ್ತ ತಾಯಿಫ್‌ಗೆ ಬಂದೆ. 1,800 ಮೀಟರಿಗೂ ಎತ್ತರದ, ಗುಲಾಬಿ, ದಾಳಿಂಬೆಗೆ ಹೆಸರಾದ ತಂಪು ಊರು. ಅಕ್ಕಪಕ್ಕದ ಮನೆಗಳ ಮಕ್ಕಳು ಗುರುವಾರ ಬರತೊಡಗಿದರು. 2013ರಲ್ಲಿ ವಾರದ ರಜೆ ಶುಕ್ರವಾರ-ಶನಿವಾರಕ್ಕೆ ಬದಲಾದ ಮೇಲೆ ತರಗತಿ ಶನಿವಾರವಾಯಿತು. ಜಮಖಾನೆಯ ಮೇಲೆ ಐದು ವರ್ಷದವರಿಂದ ಹನ್ನೊಂದು ವರ್ಷದವರೆಗಿನವರು. ಕೆಲವರ ಮನೆಯಲ್ಲಿ ತುಳು, ಕೆಲವರಲ್ಲಿ ಬ್ಯಾರಿ, ಕೊಂಕಣಿ. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಅರಬ್ಬಿ. ಕೋಟೆಯ ಶಾಲೆಯೇ ಮತ್ತೆ ಎದುರು ಕೂತಂತಾಯಿತು!

ಮನೆಯ ಚಿತ್ರ ತೋರಿಸಿದರೆ ತುಳುವಿನ ಮಗು ‘ಇಲ್ಲ್’ ಎನ್ನುತ್ತದೆ, ಕೊಂಕಣಿಯ ಮಗು ‘ಘರ್’ ಎನ್ನುತ್ತದೆ. ಎರಡನ್ನೂ ಕನ್ನಡ ಲಿಪಿಯಲ್ಲಿ ಬರೆದು, ಕೆಳಗೆ ‘ಮನೆ’ ಎಂದು ಬರೆಯುತ್ತೇನೆ. ಅಲ್ ಹದಾ ಘಾಟಿಯ ಕೋತಿಗಳ ಲೆಕ್ಕದಲ್ಲಿ ಕನ್ನಡದ ಎಣಿಕೆ ಮುಗಿಯುತ್ತದೆ. ಅರಬ್ಬಿ ಬರೆದು ರೂಢಿಯಾದ ಕೈ ‘ಸರ’ವನ್ನು ಬಲದಿಂದ ಬರೆದು ‘ರಸ’ ಮಾಡಿಬಿಟ್ಟಾಗ ಎಲ್ಲರೂ ನಗುತ್ತೇವೆ. ಎರಡೂ ಪದ ಕಲಿತಂತಾಯಿತಲ್ಲ!

ಇದು ಬರೀ ಭಾಷಾಭಿಮಾನದ ಮಾತಲ್ಲ. ಅವಲಂಬಿತರಿಗೆ 2017ರ ಜುಲೈಯಲ್ಲಿ ತಲೆಗೆ ತಿಂಗಳಿಗೆ 100 ರಿಯಾಲ್‌ನಿಂದ ಶುರುವಾದ ಶುಲ್ಕ 2020ಕ್ಕೆ 400 ಆಯಿತು. ಎಷ್ಟೋ ತಾಯಂದಿರು ಮಕ್ಕಳೊಂದಿಗೆ ಊರಿಗೆ ಮರಳಿದರು. ನನ್ನ ಜಮಖಾನೆಯೂ ಅರ್ಧ ಖಾಲಿಯಾಯಿತು. 2015ರ ಕನ್ನಡ ಕಲಿಕೆ ಕಾಯ್ದೆ ಬಂದ ಮೇಲೆ ಊರಿನ ಸಿಬಿಎಸ್‌ಇ ಶಾಲೆಯಲ್ಲೂ ಕನ್ನಡ ಪುಸ್ತಕ ಎದುರಾಗುತ್ತದೆ. ನಾಲ್ಕನೇ ತರಗತಿಗೆ ಸೇರುವ ಮಗು ಅಕ್ಷರವೇ ಗೊತ್ತಿಲ್ಲದೆ ಹಿಂದಿನ ಬೆಂಚಿನಲ್ಲಿ ಕೂರಬಾರದು. ಹೊರಡುವ ಮುನ್ನ ಗುಣಿತಾಕ್ಷರದ ಮೆಟ್ಟಿಲನ್ನಾದರೂ ಹತ್ತಿಸಿ ಕಳಿಸಬೇಕೆಂಬುದು ನನ್ನ ಹಟ.

ತಂದೆತಾಯಿಯರಲ್ಲಿ ನನ್ನದು ಎರಡೇ ಕೋರಿಕೆ. ಮನೆಮಾತು ಯಾವುದೇ ಇರಲಿ, ಅದನ್ನು ಬಿಡಬೇಡಿ. ಅದು ಕನ್ನಡಕ್ಕೆ ಅಡ್ಡಿಯಲ್ಲ. ಇನ್ನು ವಾರಕ್ಕೊಮ್ಮೆ ಊರಿನ ಅಜ್ಜಿಗೆ ಫೋನ್ ಮಾಡಿದಾಗ ಮಗು ಕನ್ನಡದಲ್ಲಿ ಒಂದು ಸಾಲು ಓದಿ ಹೇಳಲಿ. ಮೊದಲ ವಾರಕ್ಕೆ ರ, ಗ, ಸ, ದ, ಅ ಸಾಕು.